ಸಹಿ ಹಾಕುವ ಮುಂಚೆ ಇದನ್ನು ಓದಿ: ನನ್ನ ಮೊದಲ ಪುಸ್ತಕಕ್ಕೆ ಆದದ್ದು

ನಿಮ್ಮ ಹತ್ತಿರ ಬರೆದು ಮುಗಿಸಿದ ಪುಸ್ತಕ ಇದೆಯಾ? "ನಾವೇ ಎಲ್ಲ ಮಾಡಿಕೊಡ್ತೀವಿ, ನೀವು ಸಹಿ ಹಾಕಿದ್ರೆ ಸಾಕು" ಎಂದು ಯಾರಾದರೂ ಫೋನ್ ಮಾಡಿದ್ದಾರಾ? ಹಾಗಿದ್ದರೆ ದಯವಿಟ್ಟು ಇದನ್ನು ಓದಿ, ಆಮೇಲೆ ಅವರಿಗೆ ಉತ್ತರ ಕೊಡಿ. ನನ್ನ ಮೊದಲ ಕಾದಂಬರಿ ಹೀಗೇ ಒಂದು ಸಂಸ್ಥೆಯ ಕೈಗೆ ಹೋಯಿತು. ವಾಪಸ್ ಪಡೆಯಲು ಎರಡೂವರೆ ವರ್ಷ ಬೇಕಾಯಿತು.

ಆರು ವರ್ಷ ಬರೆದ ಕಾದಂಬರಿ ಅದು. ನಾಲ್ಕು ಪ್ರಕಾಶಕರಿಗೆ ಕಳಿಸಿದ್ದೆ. ಇಬ್ಬರು ಬೇಡ ಎಂದರು, ಇನ್ನಿಬ್ಬರಿಂದ ಉತ್ತರವೇ ಇಲ್ಲ. ಮನಸ್ಸು ಕುಗ್ಗಿ ಹೋಗಿತ್ತು. ಆಗ ಈ ಸಂಸ್ಥೆಗೂ ಹಸ್ತಪ್ರತಿ ಕಳಿಸಿದೆ. ಮೂರೇ ದಿನಕ್ಕೆ ಫೋನ್ ಬಂತು.

"ಮೇಡಂ, ರಾತ್ರಿಯೆಲ್ಲ ಕೂತು ಓದಿದೆ. ಆ ಅಜ್ಜಿಯ ಪಾತ್ರ ಕಣ್ಣಲ್ಲಿ ನೀರು ತರಿಸ್ತು."

ಆರು ವರ್ಷದಲ್ಲಿ ನನ್ನ ಬರಹದ ಬಗ್ಗೆ ಹೊರಗಿನವರೊಬ್ಬರು ಆಡಿದ ಮೊದಲ ಮಾತು ಅದು. ಆಮೇಲೆ ಎಷ್ಟು ಸಲ ಮಾತಾಡಿದರೂ ಅವರ ಬಾಯಲ್ಲಿ ಅಜ್ಜಿಯೊಬ್ಬಳೇ. ಆ ಅಜ್ಜಿ ಮೊದಲ ಅಧ್ಯಾಯದ ಕೊನೆಗೇ ತೀರಿಕೊಳ್ಳುತ್ತಾಳೆ. ಉಳಿದ 22 ಅಧ್ಯಾಯಗಳ ಬಗ್ಗೆ ಅವರು ಒಂದು ಮಾತೂ ಆಡಿಲ್ಲ ಎನ್ನುವುದು ನನಗೆ ಹೊಳೆದದ್ದು ದುಡ್ಡು ಕಟ್ಟಿದ ಮೇಲೆ.

"ಖರ್ಚಿನಲ್ಲಿ ಅರ್ಧ ನಮ್ಮದು, ಅರ್ಧ ನಿಮ್ಮದು" ಎಂದಿದ್ದರು. ಕರಡು ತಿದ್ದುವುದು, ಮುಖಪುಟ, ಪುಟವಿನ್ಯಾಸ, ಮುದ್ರಣ, ಇ-ಬುಕ್, ಪ್ರಚಾರ ಎಲ್ಲ ಸೇರಿ ಒಂದು ಪ್ಯಾಕೇಜ್. ಸಮಪಾಲು ಎಂದಾಗ ನ್ಯಾಯ ಅನ್ನಿಸುತ್ತದೆ ಅಲ್ವಾ? ಆಮೇಲೆ ಅದೇ ಕೆಲಸಗಳಿಗೆ ಬೇರೆ ಕಡೆ ಬಿಡಿಬಿಡಿಯಾಗಿ ದರ ಕೇಳಿದೆ. ನಾನು ಕೊಟ್ಟ "ಅರ್ಧ"ದಲ್ಲಿ ಇಡೀ ಕೆಲಸ ಮುಗಿದು ಇನ್ನೂ ದುಡ್ಡು ಮಿಗುತ್ತಿತ್ತು.

ನಾನು ಆಗಲೇ ಕೇಳಬೇಕಾಗಿದ್ದ ಪ್ರಶ್ನೆ ಒಂದೇ. ಇವರ ಸಂಪಾದನೆ ಯಾರಿಂದ? ಪುಸ್ತಕ ಮಾರುವ ಪ್ರಕಾಶಕರಿಗೆ ಓದುಗರು ಕೊಂಡರೆ ಮಾತ್ರ ದುಡ್ಡು. ಈ ಸಂಸ್ಥೆಗೆ ಬರಬೇಕಾದದ್ದೆಲ್ಲ ನಾನು ಹಣ ಕಟ್ಟಿದ ದಿನವೇ ಬಂದಾಗಿತ್ತು. ಒಂದು ಪ್ರತಿ ಮಾರಾಟವಾಗದಿದ್ದರೂ ಅವರಿಗೆ ನಷ್ಟವಿಲ್ಲ. ಜೇಮ್ಸ್ ಮ್ಯಾಕ್‌ಡೊನಾಲ್ಡ್ ಎಂಬ ಲೇಖಕರು ಹೇಳಿದ, ಬರಹಗಾರರ ನಡುವೆ "ಯಾಗ್ಸ್ ಲಾ" ಎಂದೇ ಹೆಸರಾದ ಒಂದು ಮಾತಿದೆ: ದುಡ್ಡು ಲೇಖಕರ ಕಡೆಗೆ ಹರಿಯಬೇಕು. ಸ್ವಂತವಾಗಿ ಪುಸ್ತಕ ತರುವಾಗ ನಾವು ಖರ್ಚು ಮಾಡಲೇಬೇಕು, ಅದರಲ್ಲಿ ತಪ್ಪಿಲ್ಲ. ಆದರೆ ಆಗ ನಾವೇ ಪ್ರಕಾಶಕರು. ಹಕ್ಕು, ಫೈಲು, ಲಾಭ ಎಲ್ಲ ನಮ್ಮಲ್ಲೇ ಇರಬೇಕು. ನಾನು ಪ್ರಕಾಶಕರ ಹಾಗೆ ಖರ್ಚು ಮಾಡಿದೆ, ಹಕ್ಕು ಮಾತ್ರ ಅವರಿಗೆ ಬರೆದುಕೊಟ್ಟೆ.

ಕರಾರಿನ ಬಗ್ಗೆ ಸ್ವಲ್ಪ ವಿವರವಾಗಿಯೇ ಹೇಳುತ್ತೇನೆ, ನಾನು ಸಿಕ್ಕಿಬಿದ್ದದ್ದು ಅಲ್ಲೇ. ಅದು 11 ಪುಟ ಇತ್ತು. ಮುದ್ರಣದ ಜೊತೆಗೆ ಇ-ಬುಕ್, ಆಡಿಯೋ, ಅನುವಾದ, ಸಿನಿಮಾ ಹಕ್ಕು ಎಲ್ಲವೂ ಐದು ವರ್ಷ ಅವರಿಗೆ ಮಾತ್ರ. ಐದು ವರ್ಷ ಮುಗಿಯಲು ಆರು ತಿಂಗಳಿರುವಾಗಲೇ ನಾನು ಪತ್ರ ಕೊಡಬೇಕು, ಇಲ್ಲದಿದ್ದರೆ ಮತ್ತೆ ಐದು ವರ್ಷ ತಾನಾಗಿ ಮುಂದುವರಿಯುತ್ತದೆ. ರಾಯಲ್ಟಿ "ನಿವ್ವಳ ಆದಾಯ"ದ ಮೇಲೆ ಎಂದಿತ್ತು. ನಿವ್ವಳ ಅಂದರೆ ಏನೇನು ಕಳೆದ ಮೇಲೆ ಎನ್ನುವುದು ಎಲ್ಲೂ ಇಲ್ಲ. ಮುಖಪುಟದ ಮತ್ತು ಒಳಪುಟದ ಮೂಲ ಫೈಲುಗಳು ಸಂಸ್ಥೆಯ ಸ್ವತ್ತು. ನನ್ನ ಪುಸ್ತಕದ ಪ್ರತಿಗಳನ್ನು ನಾನೇ ದುಡ್ಡು ಕೊಟ್ಟು ಕೊಳ್ಳಬೇಕು, ಕನಿಷ್ಠ 200. ಇವೆಲ್ಲ ಬರವಣಿಗೆಯಲ್ಲೇ ಇದ್ದವು. ಬಿಡುಗಡೆ ತಡವಾದೀತು ಎಂಬ ಆತುರದಲ್ಲಿ ನಾನು ಕೊನೆಯ ಪುಟಕ್ಕೆ ಹೋಗಿ ಸಹಿ ಹಾಕಿದೆ.

ಪುಸ್ತಕದ ಗುರುತಿನ ಸಂಖ್ಯೆಯಾದ ಐಎಸ್‌ಬಿಎನ್ "ಉಚಿತ" ಎಂದಿದ್ದರು. 2007ರಿಂದ ಈ ಸಂಖ್ಯೆಗೆ 13 ಅಂಕಿ. ಅದರೊಳಗಿನ ಒಂದು ಭಾಗ ಪ್ರಕಾಶಕರು ಯಾರು ಎನ್ನುವುದನ್ನೇ ಹೇಳುತ್ತದೆ. ಸಂಖ್ಯೆ ಯಾರ ಹೆಸರಲ್ಲಿದೆಯೋ ದಾಖಲೆಯಲ್ಲಿ ಅವರೇ ಪ್ರಕಾಶಕರು. ಆಮೇಲೆ ಪುಸ್ತಕವನ್ನು ನಾವೇ ತರಲು ಹೊರಟರೆ ಹೊಸ ಸಂಖ್ಯೆ ಬೇಕು. ಲೇಖಕರು ತಾವೇ ಪುಸ್ತಕ ತರಲು ಅಮೆಜಾನ್ ನಡೆಸುವ ಕೆಡಿಪಿ ಎಂಬ ಸೇವೆ ಕೊಡುವ ಉಚಿತ ಸಂಖ್ಯೆಯೂ ಅಷ್ಟೇ, ಅದನ್ನು ಬೇರೆ ಕಡೆ ಬಳಸುವಂತಿಲ್ಲ. ಅಲ್ಲಿ ಮಾತ್ರ ಮಾರುತ್ತೀರಿ ಎಂದಾದರೆ ಅದರಿಂದ ತೊಂದರೆಯಿಲ್ಲ, ತಿಳಿದು ತೆಗೆದುಕೊಳ್ಳಿ ಅಷ್ಟೇ.

ಕರಡು ತಿದ್ದಿದ್ದು ಬರೀ ಹೆಸರಿಗೆ. ಅಚ್ಚಿಗೆ ಮುಂಚೆ ಪ್ರೂಫ್ ಪ್ರತಿ ಕಳಿಸಿ ಎಂದು ಮೂರು ಸಲ ಕೇಳಿದೆ, ಕಳಿಸಲಿಲ್ಲ. ಅಚ್ಚಾದ ಪುಸ್ತಕದಲ್ಲಿ ಎರಡು ಕಡೆ ಪ್ಯಾರಾಗಳೇ ಬಿಟ್ಟುಹೋಗಿದ್ದವು.

ಇನ್ನು ಪ್ರಚಾರ. "ಬೆಸ್ಟ್ ಸೆಲ್ಲರ್ ಮಾಡಿಕೊಡ್ತೀವಿ" ಎಂಬುದು ಪ್ಯಾಕೇಜಿನಲ್ಲೇ ಇತ್ತು. ಬಿಡುಗಡೆಯ ದಿನ ಸಂಜೆ ಏಳರಿಂದ ಎಂಟರೊಳಗೆ ಗೆಳೆಯರು, ನೆಂಟರು ಸೇರಿ 20 ಜನರಿಂದ ಕೊಳ್ಳಿಸಿ ಎಂದರು. ನನ್ನ ಕಾದಂಬರಿಗೆ ಏನೇನೂ ಸಂಬಂಧವಿಲ್ಲದ ಒಂದು ಸಣ್ಣ ವಿಭಾಗದಲ್ಲಿ ಅದನ್ನು ಸೇರಿಸಿದ್ದರು. ಆನ್‌ಲೈನ್ ಅಂಗಡಿಗಳಲ್ಲಿ ಪ್ರತಿ ವಿಭಾಗಕ್ಕೂ ಬೇರೆ ಪಟ್ಟಿ ಇರುತ್ತದೆ, ಅದು ದಿನಕ್ಕೆ ಎಷ್ಟೋ ಸಲ ಬದಲಾಗುತ್ತದೆ. ಪೈಪೋಟಿ ಇಲ್ಲದ ವಿಭಾಗದಲ್ಲಿ ಒಂದು ಗಂಟೆಗೆ ಕೆಲವೇ ಪ್ರತಿ ಹೋದರೂ ಮೊದಲ ಸ್ಥಾನ ಸಿಗಬಹುದು. ಸಿಕ್ಕಿತು. ಸ್ಕ್ರೀನ್‌ಶಾಟ್ ಬಂತು, ಪೋಸ್ಟರ್ ಆಯಿತು, ಅಭಿನಂದನೆಗಳು ಬಂದವು. ಮುಂದಿನ ಎರಡು ವಾರ ಒಂದು ಪ್ರತಿಯೂ ಹೋಗಲಿಲ್ಲ.

ಆಮೇಲೆ ನಾಲ್ಕು ದಿನದಲ್ಲಿ 25 ವಿಮರ್ಶೆಗಳು ಬಂದವು. ಎಲ್ಲಕ್ಕೂ ಐದು ನಕ್ಷತ್ರ, ಎಲ್ಲದರಲ್ಲೂ ಹೆಚ್ಚು ಕಡಿಮೆ ಅದೇ ವಾಕ್ಯ. ದುಡ್ಡು ಕೊಟ್ಟು ಬರೆಸಿದ ವಿಮರ್ಶೆಗೆ ಅಮೆಜಾನ್‌ನಲ್ಲಾಗಲಿ ಬೇರೆ ದೊಡ್ಡ ಅಂಗಡಿಗಳಲ್ಲಾಗಲಿ ಜಾಗವಿಲ್ಲ. ಮನೆಯವರು, ಆಪ್ತರು ಬರೆಯುವುದನ್ನೂ ಅಮೆಜಾನ್ ಒಪ್ಪುವುದಿಲ್ಲ. ಒಂದು ಬೆಳಿಗ್ಗೆ ನೋಡಿದರೆ ಎಲ್ಲ ಮಾಯ. ಅವುಗಳ ಜೊತೆ, ನನಗೆ ಪರಿಚಯವೇ ಇಲ್ಲದ ಒಬ್ಬ ಓದುಗರು ಮನಸ್ಸಿಟ್ಟು ಬರೆದಿದ್ದ ದೊಡ್ಡ ವಿಮರ್ಶೆಯೂ ಹೋಯಿತು. ಕಾದಂಬರಿಯ ಕೊನೆಯ ಅಧ್ಯಾಯದ ಬಗ್ಗೆ ಬರೆದವರು ಅವರೊಬ್ಬರೇ. ನಾನು ಅದನ್ನು ಉಳಿಸಿಟ್ಟುಕೊಂಡಿರಲಿಲ್ಲ. ದುಡ್ಡು ಹೋದದ್ದಕ್ಕಿಂತ ಇದು ಜಾಸ್ತಿ ನೋಯಿಸಿತು.

"ಓದಿಸುವ ಪ್ಯಾಕೇಜ್" ಎಂದು ಇನ್ನೊಂದನ್ನೂ ಮಾರಲು ಬಂದರು. ಚಂದಾ ಕಟ್ಟಿ ಇ-ಬುಕ್ ಓದುವ ಅಮೆಜಾನ್‌ನ ಕಿಂಡಲ್ ಅನ್‌ಲಿಮಿಟೆಡ್‌ನಲ್ಲಿ ಲೇಖಕರಿಗೆ ಹಣ ಬರುವುದು ಓದಿದ ಪುಟಗಳ ಲೆಕ್ಕದಲ್ಲಿ. ಇಷ್ಟು ಸಾವಿರ ಪುಟ ಓದಿಸುತ್ತೇವೆ ಎಂದು ಖಾತ್ರಿ ಕೊಡುವವರ ಹಿಂದೆ ನಿಜವಾದ ಓದುಗರು ಇರುವುದು ಕಷ್ಟ. ಅದು ಸಿಕ್ಕಿಬಿದ್ದರೆ ಮುಚ್ಚಿಹೋಗುವುದು ಲೇಖಕರ ಖಾತೆ, ಮಾರಿದವರದ್ದಲ್ಲ. ಇದಕ್ಕೆ ನಾನು ಒಪ್ಪಲಿಲ್ಲ.

ಹಕ್ಕು ವಾಪಸ್ ಕೊಡಿ ಎಂದು ಕೇಳಿದ ದಿನದಿಂದ ಫೋನ್ ಎತ್ತುವುದು ನಿಂತಿತು. ಕೊನೆಗೆ ದಾರಿ ಸಿಕ್ಕಿದ್ದೂ ಆ ಕರಾರಿನಲ್ಲೇ. ಪರಿಚಯದ ವಕೀಲರೊಬ್ಬರು ಅದನ್ನು ಸಾಲು ಸಾಲಾಗಿ ಓದಿದರು. ಆರು ತಿಂಗಳಿಗೊಮ್ಮೆ ಮಾರಾಟದ ಲೆಕ್ಕ ಕೊಡಬೇಕು ಎಂದು ಒಂಬತ್ತನೇ ಪುಟದಲ್ಲಿತ್ತು. ಅವರು ಒಮ್ಮೆಯೂ ಕೊಟ್ಟಿರಲಿಲ್ಲ. ಅದನ್ನೇ ಹಿಡಿದು ನೋಟಿಸ್ ಕಳಿಸಿದೆವು. ಎರಡನೇ ನೋಟಿಸಿಗೆ, ಹಕ್ಕು ಬಿಟ್ಟುಕೊಟ್ಟ ಪತ್ರ ಬಂತು. ದುಡ್ಡು ಬರಲಿಲ್ಲ.

ಅದೇ ಕಾದಂಬರಿಯನ್ನು ಈಗ ನಾನೇ ತಂದಿದ್ದೇನೆ. ಸಂಪಾದಕರಿಗೆ ಮೊದಲು ಹತ್ತು ಪುಟ ಕೊಟ್ಟು ಹೇಗೆ ತಿದ್ದುತ್ತಾರೆ ನೋಡಿದೆ, ಇಷ್ಟವಾದ ಮೇಲೆ ಉಳಿದದ್ದು ಕೊಟ್ಟೆ. ಮುಖಪುಟದ ಕಲಾವಿದರಿಂದ ಹಕ್ಕು ಮತ್ತು ಮೂಲ ಫೈಲು ನನ್ನದು ಎಂದು ಬರೆಸಿಕೊಂಡೆ. ಬೇಡಿಕೆ ಬಂದಷ್ಟೇ ಅಚ್ಚು ಹಾಕುವ ಪ್ರಿಂಟ್ ಆನ್ ಡಿಮಾಂಡ್ ಆರಿಸಿಕೊಂಡೆ, ಪ್ರೂಫ್ ಪ್ರತಿ ಕೈಗೆ ಬರುವ ತನಕ ಮಾರಾಟಕ್ಕೆ ಬಿಡಲಿಲ್ಲ. ಒಳ್ಳೆಯದು ಕೆಟ್ಟದ್ದು ಏನು ಬೇಕಾದರೂ ಬರೆಯಿರಿ, ಬರೆಯದಿದ್ದರೂ ಸರಿ ಎಂದು ಹೇಳಿ ಕೆಲವರಿಗೆ ಮುಂಚಿತವಾಗಿ ಪ್ರತಿ ಕೊಟ್ಟೆ. ಇದಕ್ಕೆ ಅಮೆಜಾನ್ ನಿಯಮದಲ್ಲೂ ಅವಕಾಶವಿದೆ. ಇ-ಬುಕ್ಕನ್ನು ಕೆಡಿಪಿ ಸೆಲೆಕ್ಟ್ ಎಂಬ ಅಮೆಜಾನ್ ಯೋಜನೆಗೆ ಸೇರಿಸುವ ಮುಂಚೆ ಯೋಚಿಸಿ. ಸೇರಿಸಿದರೆ 90 ದಿನ ಆ ಇ-ಬುಕ್ ಬೇರೆಲ್ಲೂ ಇರುವಂತಿಲ್ಲ, ನೀವು ನಿಲ್ಲಿಸದಿದ್ದರೆ ಅವಧಿ ತಾನಾಗಿ ಮುಂದುವರಿಯುತ್ತದೆ. ಮಾರಾಟ ನಿಧಾನವಾಗಿದೆ. ಆದರೆ ಈಗ ಕೊಳ್ಳುತ್ತಿರುವವರು ಓದಲೆಂದೇ ಕೊಳ್ಳುತ್ತಿದ್ದಾರೆ.

ಯಾರಾದರೂ ನಿಮ್ಮನ್ನು ಹುಡುಕಿಕೊಂಡು ಬಂದರೆ ಅವರ ಹೆಸರನ್ನು ರೈಟರ್ ಬಿವೇರ್‌ನಲ್ಲಿ ಒಮ್ಮೆ ನೋಡಿ. 1998ರಿಂದ ಇಂಥ ಮೋಸಗಳನ್ನು ದಾಖಲಿಸುತ್ತಾ ಬಂದಿರುವ ಲೇಖಕರ ತಂಡ ಅದು. ಆ ಸಂಸ್ಥೆಯಿಂದ ಹೊರಗೆ ಬಂದ ಲೇಖಕರನ್ನು ನೀವೇ ಹುಡುಕಿ ಮಾತಾಡಿಸಿ, ಸಂಸ್ಥೆ ಕೊಡುವ ನಂಬರುಗಳು ಸಾಲದು. ಮೊದಲ ಅಧ್ಯಾಯದ ಅಜ್ಜಿಯ ಬಗ್ಗೆ ಮಾತ್ರ ಮಾತಾಡಿದ್ದು ನನಗೆ ಮೋಸದ ಗುರುತಾಗಿತ್ತು, ಆ ಗುರುತೊಂದನ್ನೇ ನಂಬಿ ಕೂರಬೇಡಿ. ಈಗ ಯಂತ್ರಗಳೇ ಹೊಗಳಿಕೆಯ ಪತ್ರ ಬರೆಯುತ್ತವೆ. ಕಳೆದ ತಿಂಗಳು ನನಗೆ ಬಂದ ಒಂದು ಇಮೇಲಿನಲ್ಲಿ ಕೊನೆಯ ಅಧ್ಯಾಯದ ವಿವರವೂ ಇತ್ತು. ಓದುತ್ತಾ ಮನಸ್ಸು ಮತ್ತೆ ಕರಗಿತು. ಕೊನೆಯ ಸಾಲಿನಲ್ಲಿ ಪ್ಯಾಕೇಜಿನ ದರ ಇತ್ತು.

ಈಗಾಗಲೇ ಸಹಿ ಹಾಕಿದ್ದರೆ, ಇವತ್ತೇ ಕರಾರಿನ ಪ್ರತಿ ಹುಡುಕಿ ತೆಗೆಯಿರಿ. ಲೆಕ್ಕ ಕೊಡುವ ಷರತ್ತು ಮತ್ತು ಹಕ್ಕು ವಾಪಸ್ ಬರುವ ಷರತ್ತು, ಈ ಎರಡನ್ನು ಮೊದಲು ನೋಡಿ. ಫೋನಿನಲ್ಲಿ ಏನು ಮಾತಾದರೂ ಅದನ್ನೇ ಇಮೇಲಿನಲ್ಲಿ ಬರೆದು ಕಳಿಸಿ. ನಿಮ್ಮ ಪುಸ್ತಕಕ್ಕೆ ಬಂದ ನಿಜವಾದ ವಿಮರ್ಶೆಗಳನ್ನೂ ಒಂದು ಕಡೆ ಉಳಿಸಿಟ್ಟುಕೊಳ್ಳಿ.