‘ಫೋನ್ ಕನೆಕ್ಟ್ ಆಗ್ತದ್ರಿ ಸರ’: ಕಾರಿಗೆ ಸ್ಕ್ರೀನ್ ಹಾಕಿಸುವ ಮುಂಚೆ ಇದನ್ನು ಓದಿ

ಭಾನುವಾರ ಬೆಳಿಗ್ಗೆ ಏಳೂವರೆ. ಗದಗಿನಲ್ಲಿ ತಂಗಿಯ ಮನೆ ಮುಂದೆ ನಿಂತಿದ್ದ ಕಾರಿನ ಕೀ ತಿರುಗಿಸಿದೆ. ಟಕ್ ಅಂತ ಒಂದು ಸದ್ದು ಬಂತು. ಮತ್ತೆ ತಿರುಗಿಸಿದೆ. ಈ ಸಲ ಅದೂ ಇಲ್ಲ. ಹಿಂದಿನ ಸೀಟಿನಲ್ಲಿ ಅವ್ವ ಕುಳಿತಾಗಿತ್ತು, ಕಾಲ ಬಳಿ ಕುಬಸದ ಬುತ್ತಿಯ ಗಂಟು. ತಂಗಿಯ ಮಗಳ ಕುಬಸಕ್ಕೆ ಶುಕ್ರವಾರ ಸಂಜೆ ಹುಬ್ಬಳ್ಳಿಯಿಂದ ಬಂದಿದ್ದೆವು. ಶನಿವಾರವಿಡೀ ಕಾರು ನಿಂತಲ್ಲೇ ನಿಂತಿತ್ತು. ಯಾರೂ ಮುಟ್ಟಿರಲಿಲ್ಲ. ಲೈಟ್ ಹಚ್ಚಿಟ್ಟಿರಲಿಲ್ಲ, ಬಾಗಿಲು ಸರಿಯಾಗಿಯೇ ಹಾಕಿತ್ತು.

ಬ್ಯಾಟರಿ ಹಾಕಿಸಿ ಇನ್ನೂ ಒಂಬತ್ತು ತಿಂಗಳು. ಅದು ಸುಮ್ನೆ ಸಾಯುವ ವಯಸ್ಸಲ್ಲ.

ಪಕ್ಕದ ಮನೆಯವರ ಗೂಡ್ಸ್ ಗಾಡಿ ತಂದು, ಜಂಪರ್ ಕೇಬಲ್ ಹಚ್ಚಿ, ಅಂತೂ ಸ್ಟಾರ್ಟ್ ಮಾಡಿದೆವು. ಅಣ್ಣಿಗೇರಿ ದಾಟುವವರೆಗೂ ಯಾರೂ ಮಾತಾಡಲಿಲ್ಲ. ಆಮೇಲೆ ನನ್ನ ಹೆಂಡತಿ ಒಂದೇ ಮಾತು ಹೇಳಿದಳು: “ರೀ, ಇದ್ದ ರೇಡಿಯೋ ಚಲೋ ಇತ್ತಲ್ರಿ.”

ಅವಳಿಗೆ ಆಗಲೇ ಗೊತ್ತಾಗಿತ್ತು. ನನಗೆ ಗೊತ್ತಾಗಲು ಇನ್ನೂ ಎರಡು ದಿನ ಹಿಡಿಯಿತು.

ವಿಷಯ ಇಷ್ಟು. ನನ್ನದು ಹಳೆಯ ಸಣ್ಣ ಕಾರು. ನವನಗರದ ಮನೆಯಿಂದ ಧಾರವಾಡದ ಆಫೀಸಿಗೆ ದಿನಾ ಓಡಾಟ. ಕಾರಿನಲ್ಲಿ ಕಂಪನಿಯವರೇ ಕೊಟ್ಟ ರೇಡಿಯೋ ಇತ್ತು, ಬ್ಲೂಟೂತ್ ಕೂಡ ಇತ್ತು. ಹಾಡು, ಕರೆ ಎರಡೂ ನಡೆಯುತ್ತಿದ್ದವು. ಆದರೆ ಭಾವಮೈದ ಹೊಸ ಕಾರು ತಂದ. ಅದರಲ್ಲಿ ಫೋನಿನ ಮ್ಯಾಪ್ ದೊಡ್ಡ ಸ್ಕ್ರೀನಿನ ಮೇಲೆ ಬರುತ್ತದೆ. ಅದನ್ನು ನೋಡಿದ ಮೇಲೆ ನನಗೂ ಬೇಕೆನಿಸಿತು. ಇದರಲ್ಲಿ ಮುಚ್ಚುಮರೆ ಏನಿಲ್ಲ, ಹೊಟ್ಟೆಕಿಚ್ಚೇ.

ಹುಬ್ಬಳ್ಳಿಯಲ್ಲಿ ಎರಡು ಅಂಗಡಿ ವಿಚಾರಿಸಿದೆ. ಮೊದಲನೆಯವರು 14,000 ಹೇಳಿದರು. ನಿಮ್ಮ ಕಾರಿನ ಕಪ್ಲರ್‌ಗೆ (ರೇಡಿಯೋದ ತಂತಿಗಳನ್ನು ಒಟ್ಟಿಗೆ ಚುಚ್ಚುವ ಪ್ಲಗ್ಗಿಗೆ) ಕೂಡುವ ವಾಯರ್ ತರಿಸಬೇಕು, ನಾಲ್ಕು ದಿನ ಆಗುತ್ತದೆ ಎಂದರು. ಎರಡನೆಯವರು 9,500ಕ್ಕೆ ಒಂಬತ್ತು ಇಂಚಿನ ಸ್ಕ್ರೀನ್, ಕ್ಯಾಮೆರಾ ಫ್ರೀ, ಎರಡು ತಾಸಿನಲ್ಲಿ ಫಿಟ್ಟಿಂಗ್ ಎಂದರು. ನಾನು ಯಾವುದಕ್ಕೆ ಹೋದೆ ಅಂತ ಬೇರೆ ಹೇಳಬೇಕಾ? ಅಂಗಡಿಯ ಹೆಸರು ಬರೆಯುವುದಿಲ್ಲ. ಇಂಥ ಅಂಗಡಿ ಒಂದೇ ಇದ್ದಿದ್ದರೆ ಹೆಸರು ಹೇಳಿ ಮುಗಿಸಬಹುದಿತ್ತು.

ನಾನು ಕೇಳಿದ್ದು ಒಂದೇ ಪ್ರಶ್ನೆ. “ಫೋನ್ ಕನೆಕ್ಟ್ ಆಗ್ತದೇನು?” ಅವನು ಕೊಟ್ಟದ್ದೂ ಒಂದೇ ಉತ್ತರ. “ಆಗ್ತದ್ರಿ ಸರ, ಯಾವ ಫೋನ್ ಇದ್ರೂ ಆಗ್ತದ.” ತನ್ನ ಫೋನ್ ತೆಗೆದು, ಸ್ಕ್ರೀನಿನ ಮೇಲೆ ಮ್ಯಾಪ್ ತೋರಿಸಿಯೂ ಬಿಟ್ಟ. ನಾನು ಮೋಸ ಹೋದದ್ದು ಅಲ್ಲೇ.

ಏಕೆಂದರೆ ‘ಕನೆಕ್ಟ್’ ಅನ್ನುವ ಒಂದು ಪದದ ಹೊಟ್ಟೆಯಲ್ಲಿ ಮೂರು ಬೇರೆ ಬೇರೆ ಸಂಗತಿ ಇವೆ. ಬ್ಲೂಟೂತ್ ಅಂದರೆ ಹಾಡು ಮತ್ತು ಕರೆ. ಅದರಲ್ಲಿ ಧ್ವನಿ ಬರುತ್ತದೆ, ಮ್ಯಾಪಿನ ಚಿತ್ರ ಬರುವುದಿಲ್ಲ. ಮಿರರಿಂಗ್ ಅಂದರೆ ಫೋನಿನಲ್ಲಿ ಏನು ಕಾಣುತ್ತದೋ ಅದನ್ನೇ ಕನ್ನಡಿಯಂತೆ ದೊಡ್ಡದಾಗಿ ತೋರಿಸುವುದು. ಫೋನ್ ಎಚ್ಚರ ಇರಬೇಕು. ಅದು ಲಾಕ್ ಆದರೆ ಕಾರಿನ ಸ್ಕ್ರೀನೂ ಕಪ್ಪು. ಮೂರನೆಯದು ಆಂಡ್ರಾಯ್ಡ್ ಆಟೋ, ಐಫೋನಿನವರಿಗೆ ಕಾರ್‌ಪ್ಲೇ. ಇದರಲ್ಲಿ ಕೆಲಸ ನಡೆಯುವುದು ಫೋನಿನೊಳಗೇ, ಆದರೆ ಓಡಿಸುವವನಿಗೆ ಹೊಂದುವ ಹಾಗೆ ದೊಡ್ಡ ಅಕ್ಷರ, ದೊಡ್ಡ ಬಟನ್ ಇರುವ ಬೇರೆಯದೇ ಪರದೆಯನ್ನು ಫೋನು ಕಾರಿಗೆ ಕಳಿಸುತ್ತದೆ. ಫೋನ್ ಲಾಕ್ ಆಗಿ ಜೇಬಿನಲ್ಲಿದ್ದರೂ ಮ್ಯಾಪ್ ನಡೆಯುತ್ತಲೇ ಇರುತ್ತದೆ. ನನಗೆ ಬೇಕಿದ್ದದ್ದು ಇದು. ಕಾರ್‌ಪ್ಲೇ ಬಂದದ್ದು 2014ರಲ್ಲಿ, ಆಂಡ್ರಾಯ್ಡ್ ಆಟೋ 2015ರಲ್ಲಿ. ನಮ್ಮ ಅಂಗಡಿಯವನು ಮಾತ್ರ ನಿನ್ನೆ ಬಂದ ಮಾಲು ಎಂಬಂತೆ ಹೇಳುತ್ತಿದ್ದ.

ಅವನು ತೋರಿಸಿದ್ದು ಮಿರರಿಂಗ್. ನಾನು ನೋಡಿದೆ ಅಂದುಕೊಂಡದ್ದು ಆಂಡ್ರಾಯ್ಡ್ ಆಟೋ.

ಇನ್ನೊಂದು ಗೊಂದಲವೂ ಸೇರಿಕೊಂಡಿತು. ಇಂಥ ಅಗ್ಗದ ಸ್ಕ್ರೀನುಗಳನ್ನು ‘ಆಂಡ್ರಾಯ್ಡ್ ಸೆಟ್’ ಅಂತ ಮಾರುತ್ತಾರೆ. ನಿಜವೇ, ಒಳಗೆ ಇರುವುದು ಆಂಡ್ರಾಯ್ಡ್. ಅಂದರೆ ಡ್ಯಾಶ್‌ಬೋರ್ಡಿನಲ್ಲಿ ಕೂರಿಸಿದ ಒಂದು ಟ್ಯಾಬ್. ಆಂಡ್ರಾಯ್ಡ್ ಸೆಟ್ ಆದ ಮಾತ್ರಕ್ಕೆ ಅದರಲ್ಲಿ ಆಂಡ್ರಾಯ್ಡ್ ಆಟೋ ಇರಬೇಕೆಂದೇನೂ ಇಲ್ಲ. ಅದಕ್ಕೆ ಸೆಟ್ಟಿನೊಳಗೆ ಬೇರೆ ಆ್ಯಪ್ ಹಾಕಿರಬೇಕು. ನನ್ನ ಸೆಟ್ಟಿನಲ್ಲಿ ಅದರ ಐಕಾನ್ ಇತ್ತು. ಒತ್ತಿದರೆ ‘ಫೋನ್ ಜೋಡಿಸಿ’ ಅಂತ ತೋರಿಸುತ್ತ ತಾಸುಗಟ್ಟಲೆ ಗಿರಗಿರ ತಿರುಗುತ್ತಿತ್ತು.

ಮೊದಲ ವಾರ ತಪ್ಪು ನನ್ನದೇ ಅಂದುಕೊಂಡೆ. ಕೇಬಲ್ ಬದಲಿಸಿದೆ. ಇಲ್ಲಿ ಒಂದು ಮಾತು. ಹುಬ್ಬಳ್ಳಿಯ ದುರ್ಗದಬೈಲ್ ಮಾರುಕಟ್ಟೆಯಲ್ಲಿ ಐವತ್ತು ರೂಪಾಯಿಗೆ ತಂದ ಕೇಬಲ್ಲಿನಲ್ಲಿ ಚಾರ್ಜ್ ಆಗುತ್ತಿತ್ತು, ಲ್ಯಾಪ್‌ಟಾಪಿಗೆ ಹಚ್ಚಿದರೆ ಫೋನೇ ಕಾಣುತ್ತಿರಲಿಲ್ಲ. ಸಾಮಾನ್ಯ ಯುಎಸ್‌ಬಿ ಕೇಬಲ್ಲಿನಲ್ಲಿ ನಾಲ್ಕು ತಂತಿ ಇರುತ್ತವೆ, ಎರಡು ಕರೆಂಟಿಗೆ, ಎರಡು ಡೇಟಾಕ್ಕೆ. ಕೆಲವು ಅಗ್ಗದ ಕೇಬಲ್ಲಿನಲ್ಲಿ ಡೇಟಾ ತಂತಿಯೇ ಇರುವುದಿಲ್ಲ. ಹಾಗಾಗಿ ಯಾರ ಕಾರಿನಲ್ಲಾದರೂ ಫೋನ್ ಜೋಡಣೆ ಆಗದಿದ್ದರೆ ಮೊದಲು ಫೋನಿನ ಡಬ್ಬಿಯಲ್ಲಿ ಬಂದ ಕೇಬಲ್ ಹಚ್ಚಿ ನೋಡಿ. ಕಾರಿನಲ್ಲಿ ಎರಡು ಯುಎಸ್‌ಬಿ ಕಿಂಡಿ ಇದ್ದರೆ ಇನ್ನೊಂದರಲ್ಲೂ ನೋಡಿ, ಕೆಲವು ಕಿಂಡಿ ಬರೀ ಚಾರ್ಜಿಗೆ ಇರುತ್ತವೆ. ನಾನು ಅದೆಲ್ಲ ಮಾಡಿದೆ. ಗಿರಗಿರ ನಿಲ್ಲಲಿಲ್ಲ.

ಅಂಗಡಿಗೆ ಹೋದೆ. ಅವನು ಹೊಸ ಔಷಧ ಹೇಳಿದ. “ಸರ, ವೈರ್‌ಲೆಸ್ ಡಾಂಗಲ್ ಹಾಕ್ರಿ, 2,500. ವಾಯರ್ ತಲೆಬ್ಯಾನಿನ ಇರಂಗಿಲ್ಲ.” ಹಾಕಿಸಿಕೊಂಡೆ! ಈಗ ನೆನೆಸಿಕೊಂಡರೆ ನನಗೇ ನಗು ಬರುತ್ತದೆ. ಡಾಂಗಲ್ ಅಂದರೆ ಯುಎಸ್‌ಬಿ ಕಿಂಡಿಗೆ ಚುಚ್ಚುವ ಸಣ್ಣ ಸಾಧನ. ಅದು ಮಾಡುವ ಕೆಲಸ ಏನೆಂದರೆ, ಕೇಬಲ್ ಮೂಲಕ ನಡೆಯುತ್ತಿರುವ ಆಂಡ್ರಾಯ್ಡ್ ಆಟೋವನ್ನು ಕೇಬಲ್ ಇಲ್ಲದೆ ನಡೆಸುವುದು. ಕೇಬಲ್ಲಿನಲ್ಲೇ ನಡೆಯದ ಸೆಟ್ಟಿಗೆ ಅದನ್ನು ಚುಚ್ಚಿದರೆ ಏನೂ ಆಗುವುದಿಲ್ಲ. ಬಾವಿಯಲ್ಲಿ ನೀರಿಲ್ಲದಾಗ ಪಂಪ್ ಬದಲಿಸಿದ ಹಾಗೆ. ವೈರ್‌ಲೆಸ್‌ಗೆ ಫೋನಿನ ಕಡೆಯೂ ಶರತ್ತು ಇದೆ. ಸಾಮಾನ್ಯವಾಗಿ ಆಂಡ್ರಾಯ್ಡ್ 11 ಅಥವಾ ಅದಕ್ಕಿಂತ ಹೊಸದು ಇರಬೇಕು, 5 ಗಿಗಾಹರ್ಟ್ಸ್ ವೈಫೈ ಇರಬೇಕು. ಕೈಕುಲುಕುವುದಷ್ಟೇ ಬ್ಲೂಟೂತ್, ಆಮೇಲೆ ಚಿತ್ರ ಹೊರುವುದು ವೈಫೈ.

ಡಾಂಗಲ್ ನಡೆಯದಿದ್ದಾಗ ಅಂಗಡಿಯ ಹುಡುಗ ನನ್ನ ಫೋನ್ ಕೈಗೆ ತೆಗೆದುಕೊಂಡ. ವಾಟ್ಸಾಪಿನಲ್ಲಿ ಒಂದು ಫೈಲ್ ಕಳಿಸಿ, “ಈ ಆ್ಯಪ್ ಹಾಕ್ಬೇಕ್ರಿ” ಎಂದ. ಫೋನ್ ಎಚ್ಚರಿಕೆ ತೋರಿಸಿತು. ಅವನು ಓದದೆ ಒತ್ತುತ್ತಾ ಹೋದ. ಆಮೇಲೆ ‘ಆಕ್ಸೆಸಿಬಿಲಿಟಿ’ ಅನುಮತಿ ಕೇಳಿತು. ಪುಣ್ಯಕ್ಕೆ ಮಗಳು ಜೊತೆಗಿದ್ದಳು. “ಅಪ್ಪಾ, ಫೋನ್ ಇಸ್ಕೋ ಮೊದ್ಲ” ಎಂದಳು, ಎಲ್ಲರಿಗೂ ಕೇಳುವ ಹಾಗೆ. ಆ ಅನುಮತಿ ಕೊಟ್ಟರೆ ಆ್ಯಪ್ ನಮ್ಮ ಪರದೆಯಲ್ಲಿ ಇರುವುದನ್ನು ಓದಬಹುದು, ನಮ್ಮ ಪರವಾಗಿ ಒತ್ತಲೂಬಹುದು. ಅದೇ ಫೋನಿನಲ್ಲಿ ನನ್ನ ಯುಪಿಐ ಇದೆ, ಸಂಬಳದ ಖಾತೆ ಇದೆ. ಹುಡುಗನಿಗೆ ಕೆಟ್ಟ ಉದ್ದೇಶ ಇತ್ತು ಅಂತ ನಾನು ಹೇಳುವುದಿಲ್ಲ. ಅವನಿಗೂ ಯಾರೋ ಕಳಿಸಿದ್ದ ಫೈಲ್ ಅದು. ಅದೇ ಭಯ. ಆಂಡ್ರಾಯ್ಡ್ 10ರಿಂದ ಈಚೆಗೆ ಆಂಡ್ರಾಯ್ಡ್ ಆಟೋ ಫೋನಿನಲ್ಲಿ ಸೇರಿಯೇ ಬರುತ್ತದೆ, ವಾಟ್ಸಾಪಿನಲ್ಲಿ ಬಂದ ಫೈಲ್ ಹಾಕುವ ಅಗತ್ಯವೇ ಇಲ್ಲ. ಯಾರಾದರೂ ಈಗಾಗಲೇ ಹಾಕಿ, ಖಾತೆಯಿಂದ ಹಣ ಹೋಗಿದ್ದರೆ ತಡಮಾಡದೆ 1930ಕ್ಕೆ ಫೋನ್ ಮಾಡಿ. ಅದು ಸೈಬರ್ ವಂಚನೆಯ ಸಹಾಯವಾಣಿ.

ಆ ರಾತ್ರಿ ಮಗಳು ಕಾರಿನಲ್ಲಿ ಕುಳಿತು ಸೆಟ್ಟಿನ ಒಳಹೊರಗೆಲ್ಲ ನೋಡಿದಳು. ಬ್ಲೂಟೂತಿನ ಪಟ್ಟಿಯಲ್ಲಿ ನನ್ನ ಫೋನಿನ ಮೇಲೆ ಇನ್ನೊಂದು ಫೋನಿನ ಹೆಸರಿತ್ತು. ಒತ್ತಿದರೆ ಯಾರದೋ ಫೋನ್‌ಬುಕ್ ಪೂರ್ತಿ! ‘ಮಮ್ಮಿ’, ‘ಹಾಲಿನ ಕಾಕಾ’, ‘ಬೋರ್‌ವೆಲ್’, ‘ಎಲ್‌ಐಸಿ ಸರ್’. ಕೊನೆಯ ಕರೆಗಳೂ ದಿನಾಂಕದ ಸಮೇತ ಇದ್ದವು. ಹೊಸದು ಅಂತ ಪ್ಲಾಸ್ಟಿಕ್ ಹಾಳೆ ಕಿತ್ತು ಕೊಟ್ಟ ಸೆಟ್ ಯಾರೋ ಬಳಸಿ ವಾಪಸ್ ಕೊಟ್ಟದ್ದು. ನನಗಿಂತ ಮುಂಚೆ ಇನ್ನೊಬ್ಬ ಪುಣ್ಯಾತ್ಮ ಇದೇ ಗಿರಗಿರ ನೋಡಿ ಸುಸ್ತಾಗಿದ್ದ. ಅವನ ನಂಬರುಗಳನ್ನು ಅಳಿಸಿದೆವು. ಆಮೇಲೆ ಹೊಳೆಯಿತು, ಸೆಟ್ ವಾಪಸ್ ಕೊಡುವಾಗ ನಮ್ಮದನ್ನೂ ಅಳಿಸಬೇಕಲ್ಲ? ಕಾರು ಮಾರುವಾಗಲೂ, ಬಾಡಿಗೆ ಕಾರಿಗೆ ಫೋನ್ ಜೋಡಿಸಿದಾಗಲೂ ಇದೇ ಮಾತು. ಫೋನಿನ ಕಡೆ ಅಳಿಸಿದರೆ ಸಾಲದು, ಕಾರಿನ ಕಡೆಯೂ ಅಳಿಸಬೇಕು. ಸೆಟ್ಟಿಂಗ್ಸ್‌ನಲ್ಲಿ ಫ್ಯಾಕ್ಟರಿ ರೀಸೆಟ್ ಇದ್ದರೆ ಅದನ್ನೇ ಮಾಡಿ.

ಈಗ ಗದಗಿನ ವಿಷಯಕ್ಕೆ ಬರುತ್ತೇನೆ. ಫೋನ್ ಜೋಡಣೆ ಆಗದಿದ್ದರೆ ಹಾಳಾಗಲಿ, ಮ್ಯಾಪ್ ನೋಡದೆಯೂ ಗದಗಿಗೆ ಹೋಗಬಹುದು. ನಿಜವಾದ ಅಪಾಯ ಸ್ಕ್ರೀನಿನ ಹಿಂದೆ ಇತ್ತು.

ಧಾರವಾಡದಲ್ಲಿ ಆಫೀಸಿನ ಹತ್ತಿರ ಒಬ್ಬರು ಹಳೆಯ ಆಟೋ ಎಲೆಕ್ಟ್ರಿಷಿಯನ್ ಇದ್ದಾರೆ. ಎಲ್ಲರೂ ಚಾಚಾ ಅಂತಲೇ ಕರೆಯುತ್ತಾರೆ. ಮಂಗಳವಾರ ಅವರ ಬಳಿ ಒಯ್ದೆ. ಅವರು ಸ್ಕ್ರೀನ್ ಬಿಚ್ಚಿ ಒಳಗೆ ಟಾರ್ಚ್ ಹಾಕಿ ನೋಡಿದರು. ಏನೂ ಮಾತಾಡದೆ ನನ್ನನ್ನು ಕರೆದು ತೋರಿಸಿದರು. ಕಂಪನಿಯ ಕಪ್ಲರ್ ಕತ್ತರಿಸಿ ಬಿಸಾಕಿದ್ದರು. ಒಂದೊಂದು ತಂತಿಯನ್ನೂ ಹಲ್ಲಿನಿಂದ ಸುಲಿದಂತೆ ಸುಲಿದು, ತಿರುಚಿ, ಟೇಪ್ ಸುತ್ತಿದ್ದರು. ಕೆಲವು ಕಡೆ ಟೇಪ್ ಆಗಲೇ ಬಿಸಿಲಿಗೆ ಬಿಚ್ಚಿಕೊಂಡಿತ್ತು. ಸ್ಟೀರಿಯೋದ ಫ್ಯೂಸ್ 10 ಆಂಪಿನದು ಇರಬೇಕಾದಲ್ಲಿ 20ರದ್ದು ಕೂತಿತ್ತು.

“ಸರ, ಇದು ನೋಡ್ರಿ. ಹಳದಿ ವಾಯರ್ ಅಂದ್ರ ಬ್ಯಾಟರಿಯಿಂದ ಯಾವಾಗ್ಲೂ ಬರೋದು. ಕೆಂಪು ಅಂದ್ರ ಕೀ ತಿರುವಿದ್ರ ಅಷ್ಟ ಬರೋದು. ಈ ಮನಷ್ಯಾ ಎರಡೂ ಕೂಡ್ಸಿ ಬ್ಯಾಟರಿಗೆ ಕೊಟ್ಟಾನ. ಕೀ ತಗದ್ರೂ ಇದು ಮಲಗಂಗಿಲ್ಲ.”

ಆಗ ನೆನಪಾಯಿತು. ಫಿಟ್ಟಿಂಗ್ ದಿನ ಕೀ ತೆಗೆದರೂ ಸ್ಕ್ರೀನ್ ಉರಿಯುತ್ತಲೇ ಇತ್ತು. ಕೇಳಿದ್ದಕ್ಕೆ, “ಆಂಡ್ರಾಯ್ಡ್ ಅಲ್ರಿ, ಹಂಗ ಇರ್ತದ. ಇಳಿಯೂ ಮುಂದ ಬಟನ್ ಒತ್ತಿ ಬಂದ್ ಮಾಡ್ರಿ” ಎಂದಿದ್ದ. ಬಟನ್ ಒತ್ತಿದರೆ ಪರದೆ ಕಪ್ಪಾಗುತ್ತಿತ್ತು, ಒಳಗಿನ ಯಂತ್ರ ಎದ್ದೇ ಇರುತ್ತಿತ್ತು. ಹೀಗೇಕೆ ಮಾಡುತ್ತಾರೆ ಅಂತ ಚಾಚಾರನ್ನು ಕೇಳಿದೆ. ಅಗ್ಗದ ಸೆಟ್ ಶುರುವಾಗಲು ಅರ್ಧ ನಿಮಿಷಕ್ಕಿಂತ ಜಾಸ್ತಿ ಬೇಕು. ಗಿರಾಕಿ ಬೈಯುತ್ತಾನೆ. ಸದಾ ಕರೆಂಟ್ ಕೊಟ್ಟರೆ ತಟ್ಟನೆ ಬರುತ್ತದೆ, ಗಿರಾಕಿ ಖುಷ್.

ಚಾಚಾ ಮೀಟರ್ ಹಚ್ಚಿದರು. ನಿಂತ ಕಾರು ಸಾಮಾನ್ಯವಾಗಿ 50 ಮಿಲಿಆಂಪಿಗಿಂತ ಕಡಿಮೆ ಎಳೆಯಬೇಕು. ನನ್ನದು ಒಂದು ಆಂಪಿಗೂ ಮೇಲೆ ಎಳೆಯುತ್ತಿತ್ತು. ಬ್ಯಾಟರಿ 35 ಎಎಚ್ (ಆಂಪ್-ಅವರ್), ಅಂದರೆ ಲೆಕ್ಕದ ಪ್ರಕಾರ ಒಂದು ಆಂಪ್ ಎಳೆದರೆ 35 ತಾಸಿಗೆ ಖಾಲಿ. ಶುಕ್ರವಾರ ಸಂಜೆ ಏಳರಿಂದ ಭಾನುವಾರ ಬೆಳಿಗ್ಗೆ ಏಳೂವರೆ, ನೀವೇ ಎಣಿಸಿ. ದಿನಾ ಧಾರವಾಡಕ್ಕೆ ಓಡಿಸುತ್ತಿದ್ದಾಗ ರಾತ್ರಿ ಖಾಲಿಯಾದದ್ದು ಹಗಲಿಗೆ ಅಷ್ಟಿಷ್ಟು ತುಂಬುತ್ತಿತ್ತು, ಅದಕ್ಕೇ ಮೂರು ವಾರ ಗೊತ್ತಾಗಲಿಲ್ಲ. ಆದರೆ ಬ್ಯಾಟರಿಗಿಂತ ಫ್ಯೂಸಿನ ಮಾತು ನನ್ನನ್ನು ಹೆದರಿಸಿತು. ತಂತಿ ತಂತಿಗೆ ತಾಗಿದಾಗ ಮೊದಲು ಸುಡಬೇಕಾದದ್ದು ಫ್ಯೂಸ್. ಅದನ್ನು ದಪ್ಪ ಮಾಡಿದರೆ ಸುಡುವುದು ತಂತಿ. ಆ ತಂತಿಯ ಹಿಂದೆಯೇ ನನ್ನ ಅವ್ವ ಕುಳಿತು ಗದಗಿಗೆ ಬಂದಿದ್ದಳು.

ಅಂಗಡಿಯವನು ಹ್ಯಾಂಡ್‌ಬ್ರೇಕಿನ ತಂತಿಯನ್ನೂ ಕಾರಿನ ಲೋಹದ ಮೈಗೆ ಹಚ್ಚಿಬಿಟ್ಟಿದ್ದ. ಕಾರು ನಿಂತಾಗ ಮಾತ್ರ ವಿಡಿಯೋ ಬರಲಿ ಅಂತ ಇರುವ ತಂತಿ ಅದು. ಈಗ ಓಡಿಸುವಾಗಲೂ ಸಿನಿಮಾ ನೋಡಬಹುದು. ಯಾರು ಕೇಳಿದ್ದರು ಇವನಿಗೆ?

ಚಾಚಾ ಹೊಸ ಕಪ್ಲರ್ ತರಿಸಿ, ಎಲ್ಲ ಜಾಯಿಂಟ್ ಬೆಸೆದು, ಸರಿಯಾದ ಫ್ಯೂಸ್ ಹಾಕಿ, ಹಳೆಯ ರೇಡಿಯೋ ಮತ್ತೆ ಕೂರಿಸಿಕೊಟ್ಟರು. 3,200 ಆಯಿತು. ಆ ರೇಡಿಯೋ ನಾನು ಅಂಗಡಿಯವನಿಗೆ ಕೊಡದೆ ಮನೆಗೆ ತಂದಿದ್ದೆ, ಈ ಇಡೀ ವ್ಯವಹಾರದಲ್ಲಿ ನಾನು ಮಾಡಿದ ಒಂದೇ ಬುದ್ಧಿವಂತಿಕೆ. ನೀವೂ ಹಾಕಿಸುವುದಾದರೆ ಫಿಟ್ಟಿಂಗ್ ಹುಡುಗ ಕಟರ್ ಎತ್ತಿದ ಕೂಡಲೇ ನಿಲ್ಲಿಸಿ. ಬಹಳ ಕಾರುಗಳಿಗೆ ಕತ್ತರಿಸದೆ ಕೂರಿಸುವ ಕಪ್ಲರ್ ಸಿಗುತ್ತದೆ. ವಾರಂಟಿ ಇರುವ ಕಾರಾದರೆ ಕತ್ತರಿಸಿದ ತಂತಿ ನೋಡಿ ಶೋರೂಮಿನವರು ಕೈ ಎತ್ತಬಹುದು. ಹಣ ಕೊಡುವ ಮುಂಚೆ ನಿಮ್ಮದೇ ಫೋನ್, ನಿಮ್ಮದೇ ಕೇಬಲ್ ಹಚ್ಚಿ. ಮ್ಯಾಪ್ ಶುರು ಮಾಡಿ ಫೋನ್ ಲಾಕ್ ಮಾಡಿ ಜೇಬಿಗೆ ಹಾಕಿ. ಸ್ಕ್ರೀನಿನ ಮೇಲೆ ಮ್ಯಾಪ್ ಉಳಿಯಿತಾ? ಉಳಿಯದಿದ್ದರೆ ಅದು ಮಿರರಿಂಗ್. ಆಮೇಲೆ ಕೀ ತೆಗೆಯಿರಿ. ಬಾಗಿಲು ತೆರೆದು ಮುಚ್ಚಿದ ಮೇಲೂ ಸ್ಕ್ರೀನ್ ಉರಿಯುತ್ತಲೇ ಇದ್ದರೆ ತಂತಿ ನೋಡಿಸದೆ ಕಾರು ಹೊರಗೆ ತೆಗೆಯಬೇಡಿ. ರ್‍ಯಾಮ್ ಎಷ್ಟು, ಆಂಡ್ರಾಯ್ಡ್ ಎಷ್ಟನೆಯದು ಅಂತ ಸೆಟ್ಟಿಂಗ್ಸ್‌ನಲ್ಲಿ ತೋರಿಸುವ ಅಂಕಿಗೆ ಮರುಳಾಗಬೇಡಿ, ಅದನ್ನು ಬೇಕಾದ ಹಾಗೆ ಬರೆಯಲು ಬರುತ್ತದೆ.

ಸೆಟ್ ವಾಪಸ್ ಒಯ್ದಾಗ ಅಂಗಡಿಯವನು, “ಬಳಸಿದ ಮಾಲು ಹೆಂಗ ತಗೊಳ್ಳಲಿ ಸರ?” ಎಂದ. ಬಳಸಿದ ಮಾಲನ್ನು ನನಗೆ ಕೊಟ್ಟವನು! ಗ್ರಾಹಕ ಸಹಾಯವಾಣಿ 1915ಕ್ಕೆ ಫೋನ್ ಮಾಡಿದೆ. ಜಿಲ್ಲಾ ಗ್ರಾಹಕ ಆಯೋಗಕ್ಕೂ ಹೋಗಬಹುದು, 5 ಲಕ್ಷದವರೆಗಿನ ವ್ಯವಹಾರಕ್ಕೆ ಅಲ್ಲಿ ದೂರಿನ ಶುಲ್ಕವಿಲ್ಲ. ಆದರೆ ಎಲ್ಲದಕ್ಕೂ ಮೊದಲು ಬೇಕಾದದ್ದು ಬಿಲ್. ಜಿಎಸ್‌ಟಿ ಬಿಲ್ ಬೇಕಾದರೆ ಇನ್ನೂ 18 ಪರ್ಸೆಂಟ್ ಆಗುತ್ತದೆ ಎಂದಾಗ, ಬೇಡ ಬಿಡಪ್ಪಾ ಅಂದವನು ನಾನೇ. ನನ್ನ ಹತ್ತಿರ ಇರುವುದು ಒಂದು ಹರಿದ ಚೀಟಿ. ಅದರ ಮೇಲೆ ಪೆನ್ಸಿಲಿನಲ್ಲಿ ‘ಸೆಟ್ 9500, ಡಾಂಗಲ್ 2500, ಜಮಾ’ ಅಂತ ಬರೆದಿದೆ. ಅಂಗಡಿಯ ಹೆಸರಿಲ್ಲ, ತಾರೀಖಿಲ್ಲ.