‘ದಿ ಬ್ಲೂ ನೋವೇರ್’ ಓದುವುದೋ, ‘ದಿ ಕುಕೂಸ್ ಎಗ್’ ಓದುವುದೋ?

ಹ್ಯಾಕಿಂಗ್ ಬಗ್ಗೆ ಒಂದೇ ಪುಸ್ತಕ ಓದುವ ಮನಸ್ಸಿದ್ದರೆ, ಬೇಕಿರುವುದು ರೋಚಕತೆಯೋ ನಿಜ ಸಂಗತಿಯೋ ಎಂದು ಮೊದಲು ನೋಡಿಕೊಳ್ಳಿ.

ಜೆಫ್ರಿ ಡೀವರ್ ಅವರ ‘ದಿ ಬ್ಲೂ ನೋವೇರ್’ (2001) ಕಾದಂಬರಿ. ಸಿಲಿಕಾನ್ ವ್ಯಾಲಿಯ ಕೊಲೆಗಾರನೊಬ್ಬ ಜನರ ಕಂಪ್ಯೂಟರಿಗೆ ನುಗ್ಗಿ, ಅವರ ಬದುಕಿನ ವಿವರ ಕದ್ದು, ಪರಿಚಿತನಂತೆ ಎದುರಿಗೆ ಬರುತ್ತಾನೆ. ಅವನನ್ನು ಹಿಡಿಯಲು ಪೊಲೀಸರು ಜೈಲಿನಲ್ಲಿದ್ದ ಹ್ಯಾಕರನನ್ನೇ ಕರೆತರುತ್ತಾರೆ. ಅದರ ತಂತ್ರಜ್ಞಾನ ಹಳತಾಗಿದೆ, ನಿಜ. ಆದರೆ ನಂಬಿಸಿ ಮೋಸ ಮಾಡುವ ಬಗೆ ಇಂದಿಗೂ ಬದಲಾಗಿಲ್ಲ. ಓದುವಾಗ ಮೈ ಜುಮ್ಮೆನ್ನುವುದು ಅದಕ್ಕೇ.

ಕ್ಲಿಫರ್ಡ್ ಸ್ಟೋಲ್ ಅವರ ‘ದಿ ಕುಕೂಸ್ ಎಗ್’ (1989) ನಡೆದ ಕಥೆ. 1986ರಲ್ಲಿ ಅಮೆರಿಕದ ಬರ್ಕ್ಲಿಯ ಪ್ರಯೋಗಾಲಯವೊಂದರ ಕಂಪ್ಯೂಟರ್ ಬಳಕೆಯ ಲೆಕ್ಕದಲ್ಲಿ 75 ಸೆಂಟ್ ವ್ಯತ್ಯಾಸ ಕಂಡಿತು. ಅಲ್ಲಿ ಕೆಲಸಕ್ಕಿದ್ದ ಸ್ಟೋಲ್ ಅದರ ಬೆನ್ನುಹತ್ತಿದಾಗ ಸಿಕ್ಕವನು ಜರ್ಮನಿಯ ಹ್ಯಾಕರ್. ಕೊಲೆಯಿಲ್ಲ, ಓಟವೂ ನಿಧಾನ. ಒಂದೇ ಗುಕ್ಕಿಗೆ ಓದಿ ಮುಗಿಸುವವರಿಗೆ ಡೀವರ್ ಸರಿ. ನನಗೆ ಸ್ಟೋಲ್ ಅವರ ಬಿಡದ ಹಟವೇ ಹೆಚ್ಚು ಇಷ್ಟ.