ದೀಪದ ಬೆಳಕಿನಲ್ಲಿ ಬೆಳೆದ ಸೊಪ್ಪು: ಸಿಂಗಪುರದ ಒಂದು ಪೊಟ್ಟಣದ ವಿಮರ್ಶೆ

ಸಿಂಗಪುರದ ಸೂಪರ್‌ಮಾರ್ಕೆಟ್ಟುಗಳಲ್ಲಿ, ಮಲೇಷ್ಯಾದಿಂದ ಬಂದ ಹರಿವೆ ಮತ್ತು ಚೈ ಸಿಮ್ ಎಂಬ ಚೀನೀ ಸೊಪ್ಪಿನ ಕಟ್ಟುಗಳ ಪಕ್ಕದಲ್ಲಿಯೇ, ಊರೊಳಗಿನ ಕಟ್ಟಡಗಳಲ್ಲಿ ಅಂತಸ್ತಿನ ಮೇಲೆ ಅಂತಸ್ತಾಗಿ ಬೆಳೆದ ಲೆಟಿಸ್, ಕೇಲ್ ಮತ್ತು ಬೇಸಿಲ್ ಪೊಟ್ಟಣಗಳೂ ಸಿಗುತ್ತವೆ. ಅಂಥ ಒಂದು ಕಂಪನಿಯ ಮಿಶ್ರ ಎಲೆಗಳ ಪೊಟ್ಟಣವನ್ನು ನಮ್ಮ ಮನೆಯಲ್ಲಿ ಕೆಲವು ತಿಂಗಳಿನಿಂದ ಬಳಸುತ್ತಿದ್ದೇವೆ. ಇಲ್ಲಿನ ಹೊಗಳಿಕೆ ಮತ್ತು ಆಕ್ಷೇಪಗಳೆರಡೂ ಈ ಇಡೀ ಉದ್ಯಮಕ್ಕೆ ಅನ್ವಯಿಸುವಂಥವಾದ್ದರಿಂದ ಕಂಪನಿಯ ಹೆಸರನ್ನು ಬಿಟ್ಟಿದ್ದೇನೆ.

ಹಸಿಯಾಗಿ ತಿನ್ನುವುದಾದರೆ ಇದು ಉತ್ತಮ ಸರಕು. ಎಲೆಯಲ್ಲಿ ಮಣ್ಣಿಲ್ಲ, ಹುಳು ಕೊರೆದ ತೂತಿಲ್ಲ, ಕೀಟನಾಶಕದ ಭಯವೂ ಇಲ್ಲ. ಹರಿವೆಯ ಕಟ್ಟು ಎರಡು ಮೂರು ದಿನಗಳಲ್ಲಿ ಬಾಡಿ ಹಳದಿಯಾದರೆ, ಇದು ಫ್ರಿಜ್ಜಿನಲ್ಲಿ ವಾರ ಕಳೆದರೂ ಗರಿಗರಿಯಾಗಿರುತ್ತದೆ. ಕೇಲ್ ಎಲೆಗೆ ಕಹಿ ಕಡಿಮೆ. ಬೇಸಿಲ್ ಪರಿಮಳಕ್ಕಂತೂ ಎರಡು ಮಾತಿಲ್ಲ. ಲೆಟಿಸನ್ನು ಸಣ್ಣಗೆ ಹರಿದು, ನೆನೆಸಿದ ಹೆಸರುಬೇಳೆ, ಕಾಯಿತುರಿ ಮತ್ತು ನಿಂಬೆರಸದೊಡನೆ ಕೋಸಂಬರಿ ಮಾಡಿದಾಗ ಸೌತೆಕಾಯಿ ಇಲ್ಲವೆಂದು ಮನೆಯಲ್ಲಿ ಯಾರೂ ದೂರಲಿಲ್ಲ.

ಆದರೆ ಒಲೆಯ ಮೇಲಿಟ್ಟೊಡನೆ ಲೆಕ್ಕ ಬದಲಾಗುತ್ತದೆ. ಬಸ್ಸಾರಿಗೆಂದು ಬೇಳೆಯೊಡನೆ ಬೇಯಿಸಿದಾಗ ಎಳೆಯ ಎಲೆಗಳೆಲ್ಲ ಕರಗಿ, ಪಲ್ಯಕ್ಕೆ ಹಿಡಿಯಷ್ಟೂ ಉಳಿಯಲಿಲ್ಲ. ಬಸಿದ ಕಟ್ಟಿಗೆ ಸೊಪ್ಪಿನ ಸೊಗಡೂ ಇಳಿಯಲಿಲ್ಲ. ನಾವು ಹೆಚ್ಚಿಗೆ ಹಣ ತೆತ್ತದ್ದು ಗರಿಗರಿತನಕ್ಕೆ ಮತ್ತು ಹಸಿಯಾಗಿ ತಿನ್ನಬಹುದಾದ ಶುಚಿತ್ವಕ್ಕೆ. ಕುದಿಯುವ ನೀರಿನಲ್ಲಿ ಮೊದಲನೆಯದು ಉಳಿಯುವುದಿಲ್ಲ, ಎರಡನೆಯದು ಬೇಕಾಗುವುದಿಲ್ಲ. ಸೊಪ್ಪನ್ನು ಬೇಯಿಸಿಯೇ ಉಣ್ಣುವ ಚೀನೀ, ಮಲಯ ಮತ್ತು ಭಾರತೀಯ ಮನೆಗಳೇ ಹೆಚ್ಚಿರುವ ಊರಿನಲ್ಲಿ ಇದು ಸಣ್ಣ ತೊಡಕೇನಲ್ಲ.

ಹಾಗಾದರೆ ಹರಿವೆಯನ್ನೇ ಏಕೆ ಬೆಳೆಯಬಾರದು? ಬೆಳೆಯಬಹುದು, ಆದರೆ ಆ ಬೆಲೆಗೆ ಕೊಳ್ಳುವವರು ಸಿಗುವುದಿಲ್ಲ. ಬಯಲಿನಲ್ಲಿ ಪುಕ್ಕಟೆಯಾಗಿ ಬೀಳುವ ಬಿಸಿಲನ್ನು ಇಲ್ಲಿ ಎಲ್‌ಇಡಿ ದೀಪಗಳಿಂದ ಕೊಂಡುಕೊಳ್ಳಬೇಕು. ದೀಪ ಬಿಟ್ಟ ಶಾಖವನ್ನೂ ಎಲೆ ಬಿಟ್ಟ ತೇವವನ್ನೂ ಹೊರಹಾಕಲು ಮತ್ತೆ ವಿದ್ಯುತ್ತನ್ನೇ ಸುಡಬೇಕು. ನಿಯಂತ್ರಿತ ಪರಿಸರ ಕೃಷಿಯ ಬಗ್ಗೆ 2021ರಲ್ಲಿ ನಡೆದ ಜಾಗತಿಕ ಗಣತಿಯ ಪ್ರಕಾರ ಹೀಗೆ ಅಂತಸ್ತುಗಳಲ್ಲಿ ಬೆಳೆಯುವ ಲಂಬ ತೋಟಗಳಲ್ಲಿ ಒಂದು ಕಿಲೋ ಬೆಳೆಗೆ ಸರಾಸರಿ 38.8 ಯೂನಿಟ್ ವಿದ್ಯುತ್ ಖರ್ಚಾಗುತ್ತದೆ, ಹಸಿರುಮನೆಗಳಲ್ಲಿ 5.4 ಯೂನಿಟ್. ಯೂನಿಟ್ಟಿಗೆ 20 ಸೆಂಟ್ ಎಂದು ಹಿಡಿದರೂ ಕಿಲೋ ಸೊಪ್ಪಿನ ಕರೆಂಟ್ ಬಿಲ್ಲೇ ಸುಮಾರು 7.75 ಡಾಲರ್ ಆಯಿತು. ಬೀಜ, ಕೂಲಿ, ಬಾಡಿಗೆ, ಯಂತ್ರಗಳ ಮೇಲಿನ ಸಾಲ ಎಲ್ಲವೂ ಅದರ ಮೇಲೆ. ಚುರುಕಾಗಿ ನಡೆಯುವ ತೋಟ ಇದರ ಕಾಲು ಭಾಗದಲ್ಲಿ ಮುಗಿಸಿದರೂ, ಮಲೇಷ್ಯಾದ ಕ್ಯಾಮೆರಾನ್ ಹೈಲ್ಯಾಂಡ್ಸ್ ಅಥವಾ ಜೊಹೊರ್‌ನಿಂದ ಲಾರಿಯಲ್ಲಿ ಬರುವ ಕಟ್ಟಿನೊಡನೆ ಬೆಲೆಯಲ್ಲಿ ಸೆಣಸುವುದು ಕಷ್ಟ. ತೂಕದ ಶೇಕಡ 95ರಷ್ಟು ನೀರೇ ಆಗಿರುವ ಲೆಟಿಸ್‌ಗೇ ಈ ಪಾಡು ಎಂದಮೇಲೆ, ಅಕ್ಕಿ ಗೋಧಿಯನ್ನು ದೀಪದಡಿ ಬೆಳೆಯುವ ಮಾತು ಸದ್ಯಕ್ಕೆ ಬೇಡ.

ನೀರಿನ ವಿಷಯದಲ್ಲಿ ಮಾತ್ರ ಈ ತೋಟಗಳ ಹೆಮ್ಮೆ ನ್ಯಾಯವಾದದ್ದು. ಪೋಷಕಾಂಶ ಬೆರೆಸಿದ ಅದೇ ನೀರನ್ನು ಮತ್ತೆ ಮತ್ತೆ ಹಾಯಿಸುವುದರಿಂದ ಹೊಲಕ್ಕೆ ಬೇಕಾಗುವುದರ ಸಣ್ಣ ಪಾಲಿನಲ್ಲಿ ಕೆಲಸ ಮುಗಿಯುತ್ತದೆ. ಆದರೆ ಇಲ್ಲಿನ ವಿದ್ಯುತ್ತಿನ ಶೇಕಡ 90ಕ್ಕೂ ಹೆಚ್ಚು ಪಾಲು ನೈಸರ್ಗಿಕ ಅನಿಲದಿಂದ ಬರುವಾಗ ಪೊಟ್ಟಣದ ಮೇಲಿನ ‘ಪರಿಸರಸ್ನೇಹಿ’ ಮುದ್ರೆಯನ್ನು ನಾನು ಅಷ್ಟಾಗಿ ಒಪ್ಪಲಾರೆ.

ಇಷ್ಟಾದರೂ ಸಿಂಗಪುರ ಈ ದಾರಿ ಹಿಡಿದದ್ದು ಹುಚ್ಚಿನಿಂದಲ್ಲ. ಇಲ್ಲಿ ಬೇಸಾಯಕ್ಕಿರುವುದು ಶೇಕಡ 1ರಷ್ಟು ನೆಲ; ಆಹಾರದ ಶೇಕಡ 90ಕ್ಕೂ ಹೆಚ್ಚು ಭಾಗ ಹೊರಗಿನಿಂದ ಬರುತ್ತದೆ. 2020ರ ಮಾರ್ಚ್‌ನಲ್ಲಿ ಮಲೇಷ್ಯಾ ಸಂಚಾರ ನಿರ್ಬಂಧ ಘೋಷಿಸಿದ ರಾತ್ರಿ ಇಲ್ಲಿನ ಅಂಗಡಿಗಳಲ್ಲಿ ನೂಕುನುಗ್ಗಲಾಯಿತು. 2022ರ ಜೂನ್‌ನಲ್ಲಿ ಅದೇ ದೇಶ ಕೋಳಿ ರಫ್ತು ನಿಲ್ಲಿಸಿತು. 2030ರ ಹೊತ್ತಿಗೆ ಪೋಷಣೆಯ ಅಗತ್ಯದ ಶೇಕಡ 30ನ್ನು ಇಲ್ಲಿಯೇ ಬೆಳೆಯಬೇಕೆಂಬ ಗುರಿಯನ್ನು ಸರ್ಕಾರ 2019ರಲ್ಲಿಯೇ ಹಾಕಿಕೊಂಡಿತ್ತು. ಆದರೆ 2024ರಲ್ಲಿ ಸ್ಥಳೀಯ ಮೊಟ್ಟೆ ಬೇಡಿಕೆಯ ಸುಮಾರು ಶೇಕಡ 34ನ್ನು ಪೂರೈಸಿದರೆ ಸ್ಥಳೀಯ ತರಕಾರಿಯ ಪಾಲು ಶೇಕಡ 3ರ ಆಸುಪಾಸಿನಲ್ಲಿತ್ತು. 2025ರ ನವೆಂಬರಿನಲ್ಲಿ ಆ ಗುರಿಯನ್ನು ಕೈಬಿಟ್ಟು, 2035ಕ್ಕೆ ಬೇರೆ ಗುರಿಗಳನ್ನು ಇಡಲಾಯಿತು. ಅಮೆರಿಕದಲ್ಲಿಯೂ ಹೂಡಿಕೆದಾರರ ಅಪಾರ ಹಣ ಪಡೆದ ಲಂಬ ತೋಟದ ಕಂಪನಿಗಳಲ್ಲಿ ಏರೋಫಾರ್ಮ್ಸ್ 2023ರಲ್ಲಿ, ಪ್ಲೆಂಟಿ 2025ರಲ್ಲಿ ದಿವಾಳಿ ರಕ್ಷಣೆ ಕೋರಿದವು. ಬೌರಿ 2024ರಲ್ಲಿ ಬಾಗಿಲು ಹಾಕಿತು. 2012ರಲ್ಲಿ ಇಲ್ಲಿ ಮಾರಾಟ ಶುರುಮಾಡಿದ ಸ್ಕೈ ಗ್ರೀನ್ಸ್, ಒಂಬತ್ತು ಮೀಟರ್ ಎತ್ತರದ ಗೋಪುರಗಳನ್ನು ನಿಧಾನವಾಗಿ ತಿರುಗಿಸಿ ಪ್ರತಿ ಹಲಗೆಗೂ ನಿಜವಾದ ಬಿಸಿಲನ್ನೇ ಹಂಚಿತ್ತು. ಬಿಸಿಲಿಗೆ ಬರವಿಲ್ಲದ ಈ ಊರಿಗೆ ಆ ಉಪಾಯವೇ ಹೆಚ್ಚು ಒಗ್ಗುತ್ತದೆಂಬುದು ನನ್ನ ಎಣಿಕೆ.

ಕೊಳ್ಳುವವರಿಗೆ ನನ್ನ ಸಲಹೆ ಇಷ್ಟು. ಬೇಸಿಲ್ ಮತ್ತು ಲೆಟಿಸ್ ಬೇಕಿದ್ದರೆ ಇದನ್ನೇ ಕೊಳ್ಳಿ. ಯುರೋಪಿನಿಂದ ವಿಮಾನದಲ್ಲಿ ಬರುವ ಎಲೆಗಳಿಗಿಂತ ಇದು ತಾಜಾ, ಬೆಲೆಯಲ್ಲಿಯೂ ಅಂಥ ವ್ಯತ್ಯಾಸವಿಲ್ಲ. ಮಸ್ಸೊಪ್ಪು, ಬಸ್ಸಾರು, ಪಲ್ಯಕ್ಕೆ ಲಿಟಲ್ ಇಂಡಿಯಾದ ಟೆಕ್ಕಾ ಮಾರುಕಟ್ಟೆಯ ಕಟ್ಟು ಸೊಪ್ಪೇ ಸರಿ, ಮೂರು ನೀರಿನಲ್ಲಿ ತೊಳೆಯುವ ಕೆಲಸವೊಂದು ಹೆಚ್ಚು. ಕಂಪನಿಗೆ ಒಂದು ಕೋರಿಕೆಯೂ ಇದೆ: ಪೊಟ್ಟಣದ ಮೇಲೆ ಬಳಕೆಯ ಕೊನೆಯ ದಿನವನ್ನಷ್ಟೇ ಅಚ್ಚುಹಾಕುತ್ತಿದ್ದಾರೆ, ತಾಜಾತನವನ್ನೇ ಮಾರುವವರು ಕೊಯ್ದ ದಿನವನ್ನೂ ತಿಳಿಸಬೇಕು.